ಕೀಟೋನ್ ಮನೆಯ ಅಕ್ಕತಂಗಿ

ಬಾಗಿಲಿಗೆ ಹೊರಗಿನಿಂದ ಬೀಗ ಬಿತ್ತು.

ಒಳಗೆ ನಾನೊಬ್ಬಳೇ. ಸುತ್ತ ಸಾಲು ಸಾಲು ನೀಲಿ ಡ್ರಮ್ಮುಗಳು. ಒಂದರ ನಲ್ಲಿಯನ್ನು ಸ್ಟೋರಿನವನು, ನಾನು ಬೆಳ್ಳಿಹಲ್ಲು ಎನ್ನುವವನು, ಹೋಗುವ ಮುಂಚೆ ಪೂರ್ತಿ ತಿರುಗಿಸಿಬಿಟ್ಟಿದ್ದ.

ಗಳಗಳ... ಗಳಗಳ...

ನೀರಿನಷ್ಟೇ ತಿಳಿ. ಆದರೆ ನೀರಲ್ಲ!

"ಸ್ವಲ್ಪ ಹೊತ್ತು ಮಲಕ್ಕೋ, ಬೆಕ್ಕೇ," ಎಂದಿತು ಬಾಗಿಲಾಚೆಯ ದನಿ. "ಎದ್ರೆ ಮನೆಗೆ ಹೋಗು. ಏಳದಿದ್ರೆ... ಪಾಪ, ಜಾರಿ ಬಿದ್ಳು ಅಂತೀವಿ."

ಬೆಕ್ಕು ಎಂದರೆ ನಾನು. ಸದ್ದು ಮಾಡುವುದಿಲ್ಲ, ಮೂಲೆಯಲ್ಲಿ ಕೂತು ಎಲ್ಲವನ್ನೂ ನೋಡುತ್ತೇನೆ ಎಂದು ಓಣಿಯವರು ಇಟ್ಟ ಹೆಸರು. ಕಳೆದದ್ದನ್ನು ಹುಡುಕಿಕೊಡುವುದು ನನ್ನ ಕಸುಬು. ಸೈಕಲ್ಲು, ಸರ, ಒಮ್ಮೊಮ್ಮೆ ಗಂಡಂದಿರು.

ನೀವು ಬಂದಾಗಿನಿಂದ ನನ್ನ ಕೆಂಪು ಕಿವಿಯನ್ನೇ ನೋಡುತ್ತಿದ್ದೀರಿ. ಗೊತ್ತಾಯಿತು. ಇರಿ, ಅಲ್ಲಿಗೇ ಬರುತ್ತೇನೆ.

ಆ ಸಲ ಕಳೆದಿದ್ದು ನನ್ನ ಅಕ್ಕನ ಬೆರಳು.

ಬೆರಳು ಕೈಯಲ್ಲೇ ಇತ್ತು. ಅದರೊಳಗಿನ ಜೀವ ಹೋಗಿತ್ತು. ಅಕ್ಕ ಆ ಡ್ರಮ್ಮುಗಳಿದ್ದ ಬೂಟಿನ ಕಾರ್ಖಾನೆಯಲ್ಲಿ ಅಟ್ಟೆ ಅಂಟಿಸುವವಳು. ಮೊದಲು ಕೈಯಿಂದ ಲೋಟ ಜಾರಿತು. ಆಮೇಲೆ ರವಿಕೆಯ ಹುಕ್ಕು ಹಾಕಲು ನನ್ನನ್ನು ಕರೆದಳು. ಒಂದು ದಿನ ನಾನು ಏನೋ ಸುಳ್ಳು ಹೇಳಿದೆ. ಚಿಕ್ಕಂದಿನಿಂದ ಮಾಡುವಂತೆ ನನ್ನ ಕಿವಿ ಹಿಂಡಿದಳು.

ಹತ್ತಿಯ ಉಂಡೆ ತಾಗಿದ ಹಾಗಿತ್ತು.

ಇಬ್ಬರೂ ನಗಲಿಲ್ಲ.

ಡಾಕ್ಟರಮ್ಮ ಅಕ್ಕನ ಬೆರಳ ತುದಿಗೆ ಸೂಜಿ ಚುಚ್ಚಿದರು. ಅಕ್ಕ ಕಿಟಕಿಯಾಚೆ ನೋಡುತ್ತಲೇ ಇದ್ದಳು. ಕಾರ್ಖಾನೆಯಲ್ಲಿ ಅಂಟು ತೆಳು ಮಾಡಲು ಏನು ಬಳಸುತ್ತೀರಿ ಎಂದು ಕೇಳಿದರು. ಡ್ರಮ್ಮಿನ ಮೇಲೆ ಬರೆದಿದ್ದ ಹೆಸರನ್ನು ಅಕ್ಕ ಹೇಳಿದಳು. ಮಿಥೈಲ್ ಈಥೈಲ್ ಕೀಟೋನ್. ಅಂಟು ತೆಳು ಮಾಡಲು ಅದೇ, ಅಟ್ಟೆ ಒರೆಸಲು ಅದೇ. ಸಂಜೆ ಕೈಗೆ ಮೆತ್ತಿದ ಅಂಟು ತೊಳೆಯಲೂ ಅದೇ. ಒಂದು ಬೋಗುಣಿ, ಎಲ್ಲ ಹೆಂಗಸರ ಕೈ!

ಡಾಕ್ಟರಮ್ಮನ ಹುಬ್ಬು ಗಂಟಾಯಿತು. ಅದು ಕೀಟೋನ್ ಮನೆಯ ಸಿಡುಕಿನ ತಂಗಿಯಂತೆ. ಥಟ್ಟನೆ ಆರುತ್ತದೆ, ಕಣ್ಣು ಮೂಗು ಉರಿಸುತ್ತದೆ, ತಲೆ ತಿರುಗಿಸುತ್ತದೆ, ಚರ್ಮ ಒಡೆಸುತ್ತದೆ. ಆದರೆ ಅದೊಂದರಿಂದಲೇ ನರ ಹೀಗೆ ಹಾಳಾಗುವುದಿಲ್ಲ.

"ಇದು ಅದರ ಅಕ್ಕನ ಕೆಲಸದ ಹಾಗಿದೆ," ಎಂದರು. "ಬ್ಯುಟೈಲ್ ಅಂತ ಇನ್ನೊಂದು ಕೀಟೋನ್. ನಿಧಾನದವಳು, ಸಿಹಿ ವಾಸನೆಯವಳು. ಬೆರಳ ತುದಿಯಿಂದ ಶುರುಮಾಡ್ತಾಳೆ. ತಂಗಿ ಜೊತೆ ಸೇರಿದ್ರಂತೂ ಇನ್ನೂ ಕಷ್ಟ. ಈಗ್ಲೇ ನಿಲ್ಸಿದ್ರೆ ನರ ಮತ್ತೆ ಚಿಗುರಬಹುದು. ಆದ್ರೆ ಯಾವುದು ಅಂತ ನನಗೆ ಖಾತ್ರಿ ಬೇಕು."

ನನ್ನ ಕೇಸು ಸಿಕ್ಕಿತು.

ಕಸ ಗುಡಿಸುವವಳಾಗಿ ಕಾರ್ಖಾನೆಗೆ ಸೇರಿದೆ. ಪೊರಕೆ ಹಿಡಿದವಳ ಮುಖವನ್ನು ಯಾರೂ ನೋಡುವುದಿಲ್ಲ. ಸ್ಟೋರಿನವನಿಗೆ ಮುಂದಿನದೊಂದು ಹಲ್ಲು ಬೆಳ್ಳಿಯದು. ಡ್ರಮ್ಮುಗಳೆಲ್ಲ ಅವನ ಕೈಯಲ್ಲೇ. ಒಂದು ಡ್ರಮ್ಮಿನ ನೀಲಿ ಬಣ್ಣ ಇನ್ನೂ ಹೊಸದಾಗಿ ಅಂಟಂಟಾಗಿತ್ತು. ಹಳೇ ಡ್ರಮ್ಮಿಗೆ ಹೊಸ ಅಂಗಿ ಯಾಕೆ?

ಬೀಗ ಬೀಳುವ ಹಿಂದಿನ ದಿನ ಊಟದ ಹೊತ್ತಿನಲ್ಲಿ ಅವನು ಫೋನಿನಲ್ಲಿ ಹೇಳುವುದು ಕೇಳಿಸಿತು. ನಾಳೆ ಮಧ್ಯಾಹ್ನ ಲಾರಿ ತಂದು ಎಲ್ಲ ಡ್ರಮ್ಮು ಎತ್ತಿಸು, ಯಾರೋ ಆಸ್ಪತ್ರೆಗೆ ಹೋಗಿದ್ದಾರೆ. ಅಂದರೆ ಒಂದೇ ದಿನ ಉಳಿದಿತ್ತು!

ಹಾಗಾಗಿ ಮಾರನೇ ಬೆಳಿಗ್ಗೆಯೇ ಗಾಜಿನ ಬಾಟಲಿ ತಂದು ತುಂಬಿಸಿಕೊಂಡಿದ್ದೆ. ಪ್ಲಾಸ್ಟಿಕ್ಕನ್ನು ಇದು ಮೆತ್ತಗೆ ಮಾಡಿಬಿಡುತ್ತದೆ. ಮುಚ್ಚಳ ಬಿಗಿಯುವಷ್ಟರಲ್ಲಿ ಬೆಳ್ಳಿಹಲ್ಲು ನನ್ನನ್ನು ನೋಡಿಬಿಟ್ಟಿದ್ದ.

ಈಗ ಗಳಗಳ...

ಹಾರಿ ನಲ್ಲಿ ಮುಚ್ಚಿದೆ. ಅಷ್ಟರಲ್ಲಿ ನೆಲದ ತುಂಬ ಹರಡಿತ್ತು. ತಗಡಿನ ಮಾಡು ಕಾದಿತ್ತು. ಕಣ್ಣಲ್ಲಿ ಮೆಣಸಿನಪುಡಿ. ತಲೆ ಬುಗುರಿಯಾಯಿತು.

ಡಾಕ್ಟರಮ್ಮ ಎರಡು ಮಾತು ಹೇಳಿದ್ದರು. ಒಂದು, ಇದರ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ. ಇನ್ನೊಂದು, ಸ್ವಲ್ಪ ಹೊತ್ತಿಗೆ ಮೂಗು ಸೋತು ವಾಸನೆ ತಿಳಿಯುವುದಿಲ್ಲ, ಅಪಾಯ ಹೋಯಿತು ಎಂದುಕೊಳ್ಳಬಾರದು.

ವಾಸನೆ ಆಗಲೇ ಕಡಿಮೆಯಾಗುತ್ತಿತ್ತು!

ಕಬ್ಬಿಣದ ಅಟ್ಟಣಿಗೆ ಹತ್ತಿದೆ. ಮೇಲೆ ಗವಾಕ್ಷಿ. ಮೂಗನ್ನು ಅದರ ಸರಳುಗಳಿಗೆ ಒತ್ತಿ ಹಿಡಿದೆ. ಗಾಳಿ ಇಷ್ಟು ರುಚಿ ಎಂದು ಆವತ್ತೇ ಗೊತ್ತಾದದ್ದು.

ತಲೆಸುತ್ತು ನಿಂತ ಮೇಲೆ ಕೆಳಗೆ ನೋಡಿದೆ. ನಲ್ಲಿ ಸೋರಿದ ಡ್ರಮ್ಮಿನ ಹೊಟ್ಟೆಯ ಮೇಲೆ, ದ್ರವ ಸಿಡಿದ ಕಡೆ, ನೀಲಿ ಬಣ್ಣ ಕಣ್ಣೀರಿನಂತೆ ಇಳಿಯುತ್ತಿತ್ತು. ಬಣ್ಣ ಕರಗಿಸುವುದು ಇದರ ಹುಟ್ಟುಗುಣ. ನೀಲಿಯ ಕೆಳಗಿನಿಂದ ಕಪ್ಪು ಅಕ್ಷರ ಒಂದೊಂದಾಗಿ ಎದ್ದು ಬಂದವು.

ಬ್ಯು... ಟೈ...

ನಮಸ್ಕಾರ, ಅಕ್ಕಾ!

ಬೀಗ ತೆರೆಯಿತು. ಬೆಳ್ಳಿಹಲ್ಲು ಮೂಗಿಗೆ ಕರ್ಚೀಫು ಒತ್ತಿ ಒಳಗೆ ಬಂದ. ಬಾಟಲಿ ಬೇಕಿತ್ತು ಅವನಿಗೆ. ಪಚಪಚ ತುಳಿಯುತ್ತ ನಡುಮಧ್ಯಕ್ಕೆ ಬಂದು ನಿಂತು, ನಾನು ಬಿದ್ದಿರಬೇಕಾದ ಜಾಗವನ್ನು ಹುಡುಕಿದ. ಮೂಲೆ ಕತ್ತಲಾಗಿತ್ತು. ಜೇಬಿನಿಂದ ಲೈಟರ್ ತೆಗೆದ.

ನನಗೆ ಮಾತೆಂದರೆ ಆಗದು. ಆದರೂ ಆಡಿದೆ.

"ಹಚ್ಬೇಡ."

ಅವನು ತಲೆ ಎತ್ತಿದ. "ಮೇಲಿದ್ದೀಯಾ? ಇಳಿ. ಇಲ್ಲಾಂದ್ರೆ ಹಚ್ತೀನಿ."

"ಹಚ್ಚು. ಆವಿ ಕೆಳಗಿದೆ. ನಿನ್ನ ಪ್ಯಾಂಟಿನೊಳಗೂ ಇದೆ. ಇಬ್ರೂ ಹೋಗ್ತೀವಿ. ಮೊದಲು ನೀನು."

ಅವನು ತನ್ನ ಪ್ಯಾಂಟನ್ನು ನೋಡಿಕೊಂಡ. ಲೈಟರನ್ನು ಹಾವಿನ ಮರಿಯ ಹಾಗೆ ಎರಡೂ ಕೈಯಲ್ಲಿ ಹಿಡಿದು ನಿಧಾನಕ್ಕೆ ಜೇಬಿಗೆ ಇಳಿಸಿದ.

ನಾನು ಅಷ್ಟರಲ್ಲಿ ಹಾರಿದ್ದೆ. ಅಟ್ಟಣಿಗೆಯಿಂದ ಖಾಲಿ ಡ್ರಮ್ಮು, ಡ್ರಮ್ಮಿನಿಂದ ಹೊಸಿಲು. ಬಾಟಲಿ ಮಡಿಲಲ್ಲಿ.

ಓಟ!

ಅಂಟಿನ ಕೋಣೆ. ಹೆಂಗಸರು ದಾರಿ ಬಿಟ್ಟರು. ಅವನಿಗೆ ಮಾತ್ರ ಅಷ್ಟು ಬೇಗ ಬಿಡಲಿಲ್ಲ. ಕತ್ತರಿಸುವ ಕೋಣೆ. ಪೆಟ್ಟಿಗೆಗಳ ಗುಡ್ಡ. ಹಿಂದೆ ಧಬಧಬ ಬೂಟಿನ ಸದ್ದು, ಹತ್ತಿರ... ಇನ್ನೂ ಹತ್ತಿರ...

ಆಮೇಲೆ ಸದ್ದು ಬದಲಾಯಿತು.

ಧಬ-ಚಟ್. ಧಬ-ಚಟ್.

ಮುಂದಿನ ಹಾಲಿಗೆ ನುಗ್ಗಿದೆ. ಅಲ್ಲಿ ಯಜಮಾನರು ಬೂಟು ಕೊಳ್ಳಲು ಬಂದ ವ್ಯಾಪಾರಿಗಳ ಮುಂದೆ ಒಂದು ಜೋಡಿಯನ್ನು ಎಳೆದೂ ತಿರುಚಿಯೂ ತೋರಿಸುತ್ತಿದ್ದರು. ಮನುಷ್ಯ ಸವೆಯುತ್ತಾನೆ, ನಮ್ಮ ಅಟ್ಟೆ ಕಳಚುವುದಿಲ್ಲ ಎನ್ನುತ್ತಿದ್ದರು.

ಬೆಳ್ಳಿಹಲ್ಲು ಬಾಗಿಲಲ್ಲಿ ಕಾಣಿಸಿದ. ಕಾರ್ಖಾನೆಯದೇ ಬೂಟು, ಕಾರ್ಖಾನೆಯದೇ ಅಂಟು. ಆ ಅಂಟನ್ನು ಕರಗಿಸುವ ನೀರಿನಲ್ಲಿ ಅದೇ ಬೂಟು ಹಾಕಿಕೊಂಡು ಗಸ್ತು ತಿರುಗಿ ಬಂದಿದ್ದ. ಎಡಗಾಲಿನ ಅಟ್ಟೆ ನಾಯಿಯ ನಾಲಗೆಯಂತೆ ನೇತಾಡುತ್ತಿತ್ತು. ಅದನ್ನು ಬಲಗಾಲು ತುಳಿಯಿತು.

ಮನುಷ್ಯ ಮುಂದೆ ಬಂದ. ಅಟ್ಟೆಗಳು ಹಿಂದೆ ಉಳಿದವು.

ಯಜಮಾನರ ಕಾಲ ಬಳಿಯೇ ಮೂಗು ಒತ್ತಿ ಬಿದ್ದ!

ಎಲ್ಲರ ಕಣ್ಣೂ ನನ್ನ ಮೇಲೆ. ಅಷ್ಟು ಜನರ ಮುಂದೆ ನನಗೆ ನನ್ನ ಹೆಸರೂ ಹೇಳಲು ಬರುವುದಿಲ್ಲ.

ಹೇಳುವ ಬದಲು ಯಜಮಾನರ ತೋಳು ಹಿಡಿದು ಸ್ಟೋರಿಗೆ ಕರೆದೊಯ್ದೆ. ಬಾಗಿಲು, ಕಿಟಕಿ ಎಲ್ಲ ತೆರೆಸಿದೆ. ಗಾಳಿಯಾಡುವವರೆಗೆ ಹೊರಗೇ ನಿಲ್ಲಿಸಿದೆ. ಆಮೇಲೆ ಕೋಲಿನ ತುದಿಗೆ ಬಟ್ಟೆ ಸುತ್ತಿ, ನೆಲದ ದ್ರವದಲ್ಲಿ ಅದ್ದಿ, ಡ್ರಮ್ಮುಗಳನ್ನು ಒಂದರ ಹಿಂದೊಂದು ಒರೆಸುತ್ತ ಹೋದೆ. ಪ್ರತಿ ನೀಲಿ ಅಂಗಿಯ ಕೆಳಗೂ ಅದೇ ಕಪ್ಪು ಹೆಸರು. ಯಜಮಾನರು ಓದಿದರು. ಅವರ ಹಿಂದೆ ವ್ಯಾಪಾರಿಗಳೂ ಓದಿದರು. ಅಂಟಿನ ಕೋಣೆಯ ಹೆಂಗಸರು ಗಟ್ಟಿಯಾಗಿ ಓದಿದರು.

ಅಗ್ಗದ ಮಾಲು ತಂದು ದುಬಾರಿ ಹೆಸರು ಬಳಿದವನಿಗೆ ಒಂದೇ ಮರೆತುಹೋಗಿತ್ತು. ಬಳಿದದ್ದನ್ನು ಅಳಿಸುವ ಸಾಮಾನನ್ನೇ ಡ್ರಮ್ಮಿನೊಳಗೆ ಇಟ್ಟಿದ್ದ.

ಪೊಲೀಸರು ಅವನನ್ನು ಬರಿಗಾಲಲ್ಲಿ ಕರೆದುಕೊಂಡು ಹೋದರು. ಡ್ರಮ್ಮುಗಳು ಹೋದವು, ಬೋಗುಣಿ ಹೋಯಿತು, ಗಾಳಿ ಎಳೆಯುವ ಫ್ಯಾನೂ ಕೈಗವಸೂ ಬಂದವು. ಡಾಕ್ಟರಮ್ಮ ಬಾಟಲಿಯನ್ನು ಪರೀಕ್ಷೆಗೆ ಕಳಿಸಿ, ಬ್ಯುಟೈಲೇ ಎಂದು ಖಾತ್ರಿ ಮಾಡಿಕೊಂಡರು. ಮೊದಲು ಇನ್ನಷ್ಟು ಜೋಮು ಹಿಡಿಯಬಹುದು, ಹೆದರಬೇಡಿ, ನಿಧಾನಕ್ಕೆ ಬರುತ್ತದೆ ಎಂದರು.

ಹಿಡಿಯಿತು. ಹೆದರಿದೆವು. ತಿಂಗಳುಗಟ್ಟಲೆ ಅಕ್ಕನ ಹುಕ್ಕು ನಾನೇ ಹಾಕಿದೆ, ಅವಳ ಬೈಗುಳ ನಾನೇ ತಿಂದೆ.

ಇವತ್ತು ಬೆಳಿಗ್ಗೆ ಅಕ್ಕ ಕೇಳಿದಳು. ಆವತ್ತು ಸ್ಟೋರಿನಲ್ಲಿ ಬೀಗ ಹಾಕಿದ್ರಂತಲ್ಲ, ಭಯ ಆಗ್ಲಿಲ್ವೇನೇ?

"ಚೂರೂ ಇಲ್ಲ," ಎಂದೆ.

ಸುಳ್ಳು. ಅವಳಿಗೂ ಗೊತ್ತು.

ಕಿವಿ ಹಿಂಡಿದಳು. ಹಿಂಡಿ, ತಿರುಚಿ, ಇನ್ನೊಂದು ಸುತ್ತು ಹಾಕಿದಳು. ನನ್ನ ಕಣ್ಣಲ್ಲಿ ಬಳಬಳ ನೀರು ಬಂತು.

ಹಾಂ, ಈಗ ನಿಮ್ಮ ಕೇಸು ಹೇಳಿ... ಈ ಕಡೆ ಕೂತು ಹೇಳಿ, ಆ ಕಿವಿ ಇನ್ನೂ ಗುಂಯ್ ಎನ್ನುತ್ತಿದೆ.