ಉತ್ತರ ಹೇಳಬಾರದ ಹುಡುಗಿ

"ಮೇಡಂ, ಇದರಿಂದ ಹೊರಗೆ ಹೋಗೋದು ಹೇಗೆ?"

ಅವನ ಹಣೆಯ ಮೇಲೆ ಬೆವರು. ಆ್ಯಪ್‌ನಲ್ಲಿ ಚಂದಾ ರದ್ದು ಮಾಡುವ ಬಟನ್ ಹುಡುಕಿ ಹುಡುಕಿ ಅವನು ಸುಸ್ತಾಗಿದ್ದ.

ಪಕ್ಕದಲ್ಲಿ ಕುಳಿತ ಅವಳಿಗೆ ದಾರಿ ಗೊತ್ತಿತ್ತು. ಆ ಪರದೆಯ ಡಿಸೈನರ್ ಅವಳೇ! ಆದರೆ ಆ್ಯಪ್ ಬಳಸಲು ಸುಲಭವೇ ಎಂದು ನೋಡುವ ಪರೀಕ್ಷೆಯ ಕೋಣೆಯಲ್ಲಿ ಡಿಸೈನರ್ ಸಹಾಯ ಮಾಡುವಂತಿಲ್ಲ. ಬಳಸುವವರು ಏನೇ ಕೇಳಲಿ, ಪ್ರಶ್ನೆಯನ್ನು ಅವರಿಗೇ ತಿರುಗಿಸಬೇಕು.

"ನಿಮಗೆ ಏನನ್ನಿಸುತ್ತೆ?" ಎಂದಳು.

"ನೀವು ಇಲಿಬೋನು ಕಟ್ಟಿದ್ದೀರ ಅನ್ನಿಸುತ್ತೆ!"

ಅವಳಿಗೆ ನಗು ತಡೆಯಲಾಗಲಿಲ್ಲ. ಆ ಕಟ್ಟಡಕ್ಕೆ ಬಂದ ಮೇಲೆ ಅವಳು ಮೊದಲ ಸಲ ನಕ್ಕಿದ್ದೇ ಆಗ!

ಅವನು ಆ ಆ್ಯಪ್‌ನ ಕಂಪನಿಯಲ್ಲಿ ಗ್ರಾಹಕರ ದೂರು ಕೇಳುವ ವಿಭಾಗದವನು. ಅವಳು ಸಲಹಾ ಸಂಸ್ಥೆಯೊಂದರಿಂದ ಅಲ್ಲಿಗೆ ಬಂದವಳು. ಅಂದರೆ ಕೂರುವುದು ಇವರ ಆಫೀಸಿನಲ್ಲಿ, ಹೆದರುವುದು ತನ್ನ ಬಾಸಿಗೆ. "ಕ್ಲೈಂಟ್ ಮುಂದೆ ನಮಗೆ ಅಭಿಪ್ರಾಯ ಇರಬಾರದು," ಎನ್ನುವುದು ಬಾಸ್ ಮಂತ್ರ. ರದ್ದು ಬಟನ್ ಅಡಗಿಸಿದ್ದೂ ಅವರ ಅಪ್ಪಣೆಯಿಂದಲೇ. ಬೇಡ ಎಂದರೆ ಕೆಲಸ ಹೋಗುತ್ತದೆ, ಮಾಡಿದರೆ ನಿದ್ದೆ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ!

ಆ ಪರೀಕ್ಷೆಯ ದಿನದಿಂದ ಇಬ್ಬರೂ ಒಟ್ಟಿಗೆ ಊಟ ಮಾಡತೊಡಗಿದ್ದರು. ಆ ವೇಳೆಯಲ್ಲಿ ಮಾತ್ರ ಅವಳಿಗೆ ಉಸಿರಾಡುವಂತಾಗುತ್ತಿತ್ತು.

ಒಂದು ಮಧ್ಯಾಹ್ನ ಲಿಫ್ಟಿನ ಮುಂದೆ ಅವನು ತಡವರಿಸಿದ. "ಒಂದು ಮಾತು ಕೇಳ್ಲಾ? ನಿಮ್ಮ ಮನೆಗೆ ಬಂದು... ನಮ್ಮಿಬ್ಬರ ವಿಷಯ ಮಾತಾಡ್ಲಾ?"

ಅವಳು ಮನಸ್ಸಿನಲ್ಲೇ ಕೂಗಿದಳು. 'ಬನ್ನಿ! ಇವತ್ತೇ ಬನ್ನಿ!'

ಆದರೆ ಬೆಳಗಿನಿಂದ ಪರೀಕ್ಷೆ ನಡೆಸಿ ಬಂದ ನಾಲಿಗೆ ತನ್ನ ಪಾಠವನ್ನೇ ಒಪ್ಪಿಸಿತು.

"ನಿಮಗೆ ಏನನ್ನಿಸುತ್ತೆ?"

ಅವನ ಮುಖ ಸಣ್ಣದಾಯಿತು. "ಅರ್ಥ ಆಯ್ತು ಬಿಡಿ," ಎಂದು ಮೆಟ್ಟಿಲು ಇಳಿದು ಹೋದ. ಅವಳು ಕರೆಯಬೇಕೆನ್ನುವಷ್ಟರಲ್ಲಿ ಅವನು ಕಣ್ಮರೆಯಾಗಿದ್ದ.

ಆಮೇಲೆ ಅವನು ಊಟಕ್ಕೆ ಬರಲಿಲ್ಲ. ಬೇರೆ ಊರಿಗೆ ವರ್ಗ ಕೇಳಿದ್ದಾನೆ ಎಂಬ ಸುದ್ದಿ ಬಂತು.

ಫೋನಿನಲ್ಲಿ ಅಕ್ಕ ಹರಿಹಾಯ್ದಳು. "ಅಲ್ಲ ಕಣೇ, ಮೌನ ಬಂಗಾರ ಅಂತ ಕೂತಿರು! ಬಂಗಾರದಂಥ ಹುಡುಗ ಕೈತಪ್ಪಿ ಹೋಗ್ಲಿ!"

"ಈಗ ಏನಂತ ಹೇಳ್ಲಿ ಅಕ್ಕ? ನನ್ನ ಮೇಲೆ ಬೇಜಾರಾಗಿದಾರೆ."

"ಮನಸ್ಸಲ್ಲಿ ಇರೋದನ್ನ ಹೇಳೇ. ಅದಕ್ಕೂ ಬಾಸ್ ಪರ್ಮಿಷನ್ ಬೇಕಾ?"

ಆ್ಯಪ್ ಬಗ್ಗೆ ಕಂಪನಿಯವರ ಜೊತೆ ಕೊನೆಯ ಸಭೆ. ಕಿಟಕಿಯೇ ಇಲ್ಲದ ಕೋಣೆ. ಮೇಜಿನ ಆಚೆ ಅವನು ತಲೆ ತಗ್ಗಿಸಿ ಕುಳಿತಿದ್ದ.

ಕಂಪನಿಯ ಮುಖ್ಯಸ್ಥೆ ಅವಳನ್ನೇ ನೋಡಿ ಕೇಳಿದರು. "ಬೇಡ ಅನ್ನೋ ಗ್ರಾಹಕರು ಇದರಿಂದ ಸುಲಭವಾಗಿ ಹೊರಗೆ ಹೋಗ್ತಾರಾ?"

ಮೇಜಿನ ಕೆಳಗೆ ಬಾಸ್ ಅವಳ ಕಾಲು ತುಳಿದರು. ತೇಲಿಸಿ ಮಾತಾಡು ಎಂದರ್ಥ. ಅವಳ ಬಾಯಿಗೆ ಬಂದದ್ದೂ ಅದೇ ಹಳೆಯ ಪ್ರಶ್ನೆ... ಕಷ್ಟಪಟ್ಟು ನುಂಗಿಕೊಂಡಳು.

"ಇಲ್ಲ ಮೇಡಂ. ಹೋಗಬಾರದು ಅಂತಾನೇ ಬಟನ್ ಅಡಗಿಸಿದೀನಿ. ಅದು ತಪ್ಪು. ನನಗೆ ಮೊದಲಿಂದ್ಲೂ ಹಾಗೇ ಅನ್ನಿಸ್ತಿತ್ತು."

ಅವನು ತಲೆಯೆತ್ತಿದ.

ಮುಖ್ಯಸ್ಥೆ ಯೋಚಿಸಿ ಹೇಳುತ್ತೇವೆ ಎಂದಷ್ಟೇ ಹೇಳಿ ಎದ್ದರು. ಹೊರಗೆ ಬಂದ ಕೂಡಲೇ ಬಾಸ್ ಹಲ್ಲು ಕಡಿದರು. "ನಾಳೆಯಿಂದ ನೀನು ಈ ಪ್ರಾಜೆಕ್ಟಲ್ಲಿ ಇಲ್ಲ!"

ಅವಳು ನಿಂತು ಕೇಳದೆ ಓಡಿದಳು. ಹಜಾರದ ತುದಿಯಲ್ಲಿ ಅವನ ತೋಳು ಹಿಡಿದು ನಿಲ್ಲಿಸಿದಳು.

"ಅವತ್ತು ಲಿಫ್ಟ್ ಹತ್ರ ನಾನು ಹೇಳಿದ್ದು ಉತ್ತರ ಅಲ್ಲ ರೀ! ದಿನಾ ಅದನ್ನೇ ಹೇಳಿ ಹೇಳಿ ಅಭ್ಯಾಸ... ಬಾಯಿಗೆ ಬಂದ್ಬಿಡ್ತು. ನನಗೆ ನೀವಂದ್ರೆ ಇಷ್ಟ. ತುಂಬಾ ಇಷ್ಟ!"

ಅವನ ಕಣ್ಣು ತುಂಬಿತು. "ನಿಮಗೆ ನಾನು ಬೇಡ ಅಂದ್ಕೊಂಡು ಊರನ್ನೇ ಬಿಡೋಕೆ ಹೊರಟಿದ್ದೆ."

"ಆ ವರ್ಗಾವಣೆ ಅರ್ಜಿ ವಾಪಸ್ ತಗೊಳ್ಳಿ."

"ಈಗ್ಲೇನಾ?"

"ಈಗ್ಲೇ. ನಡೀರಿ, ನಾನೂ ಬರ್ತೀನಿ."