ಕರಿಬಸವಯ್ಯನವರ ನಸ್ಯದ ಡಬ್ಬಿ

ಬೆಳಗ್ಗೆ ಮೀನಾಕ್ಷಮ್ಮ ಕೊಬ್ಬರಿ ಅಟ್ಟದ ಕೋಣೆಗೆ ಬಂದಾಗ ಅವಳ ತಗಡಿನ ಟ್ರಂಕಿನ ಮುಚ್ಚಳವನ್ನು ಒಂದು ಮೂಲೆಯಲ್ಲಿ ಯಾರೋ ಮೀಟಿ ಎಬ್ಬಿಸಿದ್ದರು. ಬೀಗ ಹಾಕಿದಂತೆಯೇ ಇತ್ತು, ಒಡವೆ ಇರಲಿಲ್ಲ. ಪಕ್ಕದಲ್ಲಿ ಅವಳ ಗಂಡನ ಅಣ್ಣ ರೇವಣಸಿದ್ದಯ್ಯ ಎಡಗೈ ಅವುಚಿಕೊಂಡು ನರಳುತ್ತಿದ್ದ. ಕತ್ತಲಲ್ಲಿ ಯಾರೋ ನುಗ್ಗಿದರು, ತಡೆಯಲು ಅಂಗೈ ಒಡ್ಡಿದೆ, ಹರಿತವಾದದ್ದೇನೋ ತಗುಲಿತು, ಮುಖ ಕಾಣಲಿಲ್ಲ ಎಂದ. ಗಂಡ ಸತ್ತ ಮೇಲೆ ತವರಿಗೆ ಹೊರಟು ನಿಂತಿದ್ದ ಹೆಂಗಸಿಗೆ ಇದ್ದದ್ದೇ ಆ ಒಡವೆ.

ಶೆಟ್ಟಿಕೆರೆ ಕಡೆಯ ಆ ಊರಿಗೆ ಸಬ್ ಇನ್ಸ್‌ಪೆಕ್ಟರ್ ಹಾಲಸ್ವಾಮಿ ಬಂದ. ಹೊಸ ಟೋಪಿ, ಹೊಸ ಹುಮ್ಮಸ್ಸು. ಮಧ್ಯಾಹ್ನ ತಿಪಟೂರಿನ ಡಾಕ್ಟರಮ್ಮ ಬರೆದ ಗಾಯದ ಸರ್ಟಿಫಿಕೇಟು ಕೈಸೇರಿತು. ಎಲ್ಲ ಇಂಗ್ಲಿಷು. ಎಡಗೈ, ಒಂದು ಗಾಯ, ‘ಅನಾಟಮಿಕಲ್ ಸ್ನಫ್ ಬಾಕ್ಸ್’.

ಸ್ನಫ್ ಬಾಕ್ಸ್ ಅಂದರೆ ನಸ್ಯದ ಡಬ್ಬಿ. ಅಷ್ಟು ಇಂಗ್ಲಿಷು ಅವನಿಗೆ ಬರುತ್ತಿತ್ತು. ಕಳ್ಳ ಡಬ್ಬಿಯಿಂದಲೇ ಗುದ್ದಿದ್ದಾನೆ ಎಂದು ತೀರ್ಮಾನಿಸಿದ. ಮೊದಲಿನ ಪದ ಏನು ಸಾರ್ ಎಂದು ಪೇದೆ ಎತ್ತಪ್ಪ ಕೇಳಿದ.

“ಅದು ಕಂಪನಿ ಹೆಸರು ಕಣಯ್ಯ.”

ಗೊತ್ತಿಲ್ಲ ಅನ್ನಲು ಅವನಿಗೆ ನಾಲಗೆ ಹೊರಳಲಿಲ್ಲ.

ಊರಲ್ಲಿ ನಸ್ಯ ಏರಿಸುವವರು ಎದುರು ಮನೆಯ ಕರಿಬಸವಯ್ಯನವರೊಬ್ಬರೇ. ಹಿಂದಿನ ಸಂಜೆ ರೇವಣಸಿದ್ದಯ್ಯನ ಜಗುಲಿಯಲ್ಲಿ ಕೂತು ಹರಟಿದ್ದವರು ಬೇರೆ. ಅವರ ಹಿತ್ತಾಳೆ ಡಬ್ಬಿಯ ಮುಚ್ಚಳ ಸೊಟ್ಟಗಾಗಿ ಅಂಚು ಹರಿತವಾಗಿತ್ತು. ಇನ್ನೇನು ಬೇಕು? ರೇವಣಸಿದ್ದಯ್ಯನನ್ನು ಕೇಳಿದರೆ, ಇದ್ದರೂ ಇರಬಹುದು ಎಂದು ತಲೆ ತಗ್ಗಿಸಿದ. ಅಂದೇ ಕರಿಬಸವಯ್ಯನವರ ಮೊಮ್ಮಗಳನ್ನು ನೋಡಲು ತುರುವೇಕೆರೆಯಿಂದ ಗಂಡಿನ ಕಡೆಯವರು ಬಂದಿದ್ದರು. ಅವರ ಕಣ್ಣೆದುರೇ ಹಾಲಸ್ವಾಮಿ ಮುದುಕರ ತೋಳು ಹಿಡಿದು ಅಂಗಡಿ ಬೀದಿಯಲ್ಲಿ ನಡೆಸಿಕೊಂಡು ಹೋದ. ಬಂದವರು ತಟ್ಟೆಯ ಉಪ್ಪಿಟ್ಟು ಹಾಗೇ ಬಿಟ್ಟು ಬಸ್ಸು ಹತ್ತಿದರು.

* * *

ಡಬ್ಬಿಗೂ ಗಾಯಕ್ಕೂ ಹೊಂದುತ್ತದೆ ಎಂದು ಬರೆಸಿಕೊಳ್ಳಲು ಹಾಲಸ್ವಾಮಿ ಮರುದಿನ ತಿಪಟೂರಿನ ಆಸ್ಪತ್ರೆಗೆ ಹೋದ. ಡಾಕ್ಟರ್ ಗಿರಿಜಾಂಬಿಕಾ ಡಬ್ಬಿ ನೋಡಿದರು. ಆಮೇಲೆ ಅವನ ಮುಖ ನೋಡಿದರು.

“ಹೆಬ್ಬೆರಳು ಹಿಂದಕ್ಕೆ ಬಿಡಿಸಿ.”

ಬಿಡಿಸಿದ. ಬೆರಳ ಬುಡದಲ್ಲಿ, ಮಣಿಕಟ್ಟಿನ ಹತ್ತಿರ, ಎರಡು ನರ ಎದ್ದು ನಡುವೆ ಒಂದು ತಗ್ಗು ಬಿತ್ತು.

“ಇದೇ ಅನಾಟಮಿಕಲ್ ಸ್ನಫ್ ಬಾಕ್ಸ್. ಹಿಂದಿನೋರು ಇಲ್ಲಿ ನಸ್ಯ ಇಟ್ಕೊಂಡು ಏರಿಸ್ತಿದ್ರು, ಅದಕ್ಕೇ ಆ ಹೆಸರು. ನಾನು ಬರೆದದ್ದು ಗಾಯದ ಜಾಗ ಕಣ್ರೀ, ಆಯುಧ ಅಲ್ಲ.”

ಹಾಲಸ್ವಾಮಿಯ ಕಿವಿ ಕೆಂಪಾಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಲೆ ಎತ್ತಲಾಗದೆ ತನ್ನ ಬೆರಳನ್ನೇ ನೋಡುತ್ತಾ ಕೂತ. ಆಗ ಹೊಳೆಯಿತು. ಅಂಗೈ ಒಡ್ಡಿ ತಡೆದವನಿಗೆ ಅಂಗೈ ಸೀಳಬೇಕಿತ್ತು. ಈ ತಗ್ಗು ಇರುವುದು ಕೈಯ ಹಿಂಬದಿಯ ಅಂಚಿನಲ್ಲಿ.

* * *

ಊರಿಗೆ ಮರಳಿದ ಹಾಲಸ್ವಾಮಿ ಟ್ರಂಕಿನ ಮುಂದೆ ರೇವಣಸಿದ್ದಯ್ಯನ ಗಾಯದ ಪಟ್ಟಿ ಬಿಚ್ಚಿಸಿ, ಮೀಟಿ ಎಬ್ಬಿಸಿದ ಸಂದಿಯಲ್ಲಿ ಎಡಗೈ ತೂರಿಸಲು ಹೇಳಿದ. ಕೈ ಹೋಯಿತು, ಹೆಬ್ಬೆರಳು ಹೊರಗೆ ಬಿಡಿಸಿಕೊಂಡಿತು. ಮೇಲೆದ್ದ ತಗಡಿನ ತುದಿ ಸರಿಯಾಗಿ ಗಾಯದ ಮೇಲೇ ಕೂತಿತು. ಮುಚ್ಚಳದ ಒಳಬದಿಯಲ್ಲಿ ರಕ್ತ ಒಣಗಿತ್ತು.

“ಕಳ್ಳನ ಜೊತೆ ಹೊಡೆದಾಡಿದೋನ ರಕ್ತ ಟ್ರಂಕಿನ ಒಳಕ್ಕೆ ಹೆಂಗ್ ಬಂತು?”

ರೇವಣಸಿದ್ದಯ್ಯ ಕುಸಿದು ಕೂತು ಅಟ್ಟದ ಕಡೆ ಕೈ ತೋರಿಸಿದ. ಒಡವೆ ಕಾಯಿ ರಾಶಿಯಲ್ಲಿತ್ತು. ಮನೆಯ ಒಡವೆ ಅವಳ ತವರಿಗೆ ಹೋಗಬಾರದೆಂದು ಹೀಗೆ ಮಾಡಿದೆ ಎಂದ. ಎದುರು ಮನೆಯ ಮುದುಕರು ಸಿಕ್ಕಿಬಿದ್ದಾಗ ಸುಮ್ಮನಿದ್ದೆ ಎಂದೂ ಒಪ್ಪಿಕೊಂಡ.

* * *

ಠಾಣೆಯಲ್ಲಿ ಕರಿಬಸವಯ್ಯನವರು ಎತ್ತಪ್ಪ ತಂದುಕೊಟ್ಟ ಚಿಟಿಕೆ ನಸ್ಯವನ್ನು ಹೆಬ್ಬೆರಳ ಬುಡದ ತಗ್ಗಿನಲ್ಲಿಟ್ಟು ಏರಿಸುತ್ತಿದ್ದರು. ಡಬ್ಬಿ ಇಲ್ಲದವರು ಇನ್ನೆಲ್ಲಿ ಇಟ್ಟಾರು? ಅದನ್ನು ಕಂಡು ಹಾಲಸ್ವಾಮಿಗೆ ಅಳು ಬಂದಂತಾಯಿತು. ನಡೆದದ್ದನ್ನೆಲ್ಲ ಹೇಳಿ, ಎರಡೂ ಕೈಯಲ್ಲಿ ಡಬ್ಬಿ ಚಾಚಿ, ತಪ್ಪಾಯಿತು ಎಂದ.

“ಡಬ್ಬಿ ಇರ್ಲಿ ಬುಡಿ, ನಂಗೆ ಈ ತಗ್ಗೇ ಸಾಕು,” ಎಂದರು ಮುದುಕರು. “ತುರುವೇಕೆರೆಗೆ ಬನ್ನಿ. ಗಂಡಿನೋರ ಜಗುಲಿ ಮೇಲೆ ನಿಂತ್ಕಂಡು, ನೀವು ಇಂಗ್ಲಿಷ್ನಾಗೆ ಓದಿದ್ದುನ್ನ ಕನ್ನಡದಾಗೆ ಹೇಳಿ.”

ಹೋದ. ಟೋಪಿ ಕಂಕುಳಲ್ಲಿಟ್ಟು, ಬೀದಿಯ ಜನರೆಲ್ಲ ನೋಡುತ್ತಿರುವಾಗ ಹೆಬ್ಬೆರಳು ಬಿಡಿಸಿ ತಗ್ಗು ತೋರಿಸಿದ. ಪದ ಗೊತ್ತಿರಲಿಲ್ಲ, ಕೇಳಲು ನಾಚಿಕೆಯಾಯಿತು, ಆ ನಾಚಿಕೆಯನ್ನು ಈ ಹಿರಿಯರ ತಲೆಗೆ ಕಟ್ಟಿದೆ ಎಂದ.

ಗಂಡಿನ ತಂದೆ ಚಾಪೆ ಹಾಸಿ ಕರಿಬಸವಯ್ಯನವರನ್ನು ಕೂರಿಸಿದರು. ಒಳಗಿನಿಂದ ಕಾಫಿ ಬಂತು. ಹಾಲಸ್ವಾಮಿಗೆ ಕೂತ್ಕೊಳ್ಳಿ ಎಂದು ಯಾರೂ ಅನ್ನಲಿಲ್ಲ. ಅವನಿಗೂ ಅದೇ ಸರಿ ಅನ್ನಿಸಿತು.