ಕಿಟಕಿಯ ಕಡೆ ಬಾಗಿದ ಜಾಡು

ವೆಂಡೆಲ್ ಎಳೆದ ಜಾಡು ಸೊಟ್ಟಗಾಗುತ್ತಿದೆ ಎಂದು ಐಲಿಗೆ ಮೊದಲು ಹೇಳಿದವಳು ಬೇಕರಿಯ ಬರ್ನೀಸ್. ಹೆಪ್ಪುಗಟ್ಟಿದ ಸರೋವರದ ಮೇಲೆ ಸ್ಕೀ ಆಡುವವರಿಗಾಗಿ ಅವನು ದಿನಾ ಸಂಜೆ ಯಂತ್ರ ಓಡಿಸಿ, ದೋಣಿಕಟ್ಟೆಯಿಂದ ದ್ವೀಪದವರೆಗೆ ಹಿಮದಲ್ಲಿ ಜೋಡಿಗೆರೆ ಎಳೆಯುತ್ತಿದ್ದ. ಎಷ್ಟೋ ಚಳಿಗಾಲಗಳಿಂದ ಆ ಗೆರೆ ದಾರ ಹಿಡಿದು ಎಳೆದ ಹಾಗೆ ನೇರ. ಈ ವರ್ಷ ಮಾತ್ರ ಅದು ನಡುವೆ ದಡದಲ್ಲಿದ್ದ ಐಲಿಯ ಅಂಗಡಿಯ ಕಡೆ ಬಾಗಿ, ಏನೋ ನೆನಪಾದಂತೆ ಮತ್ತೆ ದ್ವೀಪಕ್ಕೆ ತಿರುಗುತ್ತಿತ್ತು.

“ಕುಡಿದು ಓಡಿಸ್ತಾನೆ ಅಂತಾರೆ ಊರೋರು. ನಂಗೇನೋ ಇದು ಬೇರೆ ಅಮಲು ಅನ್ಸುತ್ತೆ ಕಣೇ,” ಅಂದಳು ಬರ್ನೀಸ್.

ಐಲಿ ಬೈದು ಸುಮ್ಮನಾಗಿಸಿದಳು. ಆದರೆ ಮನಸ್ಸು ಸುಮ್ಮನಾಗಲಿಲ್ಲ. ಈ ಚಳಿ ಸಾಕೆಂದು ಗಂಡ ಬಿಟ್ಟುಹೋದ ಮೇಲೆ ಬೇಸಿಗೆಗೆ ದೋಣಿ, ಚಳಿಗಾಲಕ್ಕೆ ಸ್ಕೀ ಬಾಡಿಗೆಗೆ ಕೊಡುತ್ತಾ ಅವಳು ಒಬ್ಬಳೇ ಇದ್ದಳು. ಕಾಫಿ ಕುಡಿಯಲು ಅಂಗಡಿಗೆ ಬರುವ ವೆಂಡೆಲ್‌ಗೆ ಈಚೆಗೆ ಹೊಸದೊಂದು ಅಭ್ಯಾಸ. ಮುಖ ಗೋಡೆಯ ಕಡೆ ತಿರುಗಿಸಿ, ಕಣ್ಣಂಚಿನಿಂದ ಅವಳನ್ನೇ ನೋಡುತ್ತಿದ್ದ. ನಾಚಿಕೆಯ ಹುಡುಗರು ನೋಡುವಂಥ ನೋಟ. ಅವಳು ಪೆಟ್ಟಿಗೆಯ ತಳದಿಂದ ನೀಲಿ ಸ್ವೆಟರ್ ತೆಗೆದು ತೊಡತೊಡಗಿದ್ದಳು.

ಚಳಿಗಾಲ ಸಡಿಲುತ್ತಿದ್ದ ಒಂದು ಮಧ್ಯಾಹ್ನ ಅವಳೇ ಸ್ಕೀ ಕಟ್ಟಿಕೊಂಡು ಆ ಜಾಡಿನಲ್ಲಿ ಹೊರಟಳು. ಅದು ಬಾಗುವ ಕಡೆ, ತೊರೆ ಬಂದು ಸರೋವರ ಸೇರುವಲ್ಲಿ, ಗೆರೆಯೊಳಗೆ ನೀರು ಜಿನುಗಿತ್ತು. ಅಲ್ಲಿ ಮಂಜುಗಡ್ಡೆ ತೆಳುವೆಂದು ಪ್ರತಿವರ್ಷ ಕೆಂಪು ಬಾವುಟ ನೆಡುವವನು ವೆಂಡೆಲ್ಲೇ. ಆ ಬಾವುಟ ಈಗ ಅವನದೇ ಯಂತ್ರದಡಿ ಸಿಕ್ಕಿ ಹಿಮದಲ್ಲಿ ಹೂತುಹೋಗಿತ್ತು. ಪ್ರೀತಿಯಲ್ಲಿ ಬಿದ್ದವನು ಏನೇನೋ ಮರೆಯಬಹುದು, ಇದನ್ನು ಮರೆಯಲಾರ.

ಅವನು ಕಾಫಿಗೆ ಬಂದಾಗ ಅವಳು ಲೋಟವನ್ನು ಎಂದಿನ ಜಾಗದಿಂದ ಒಂದು ಗೇಣು ಆಚೆ ಇಟ್ಟಳು. ಅವನ ಕೈ ಎಂದಿನ ಜಾಗಕ್ಕೇ ಹೋಗಿ ಬರಿಯ ಮೇಜನ್ನು ತಡವಿತು.

“ನನ್ನ ನೇರವಾಗಿ ನೋಡು ವೆಂಡೆಲ್.”

ಅವನು ನೋಡಿದ. ಸ್ವಲ್ಪ ಹೊತ್ತಿಗೆ ಮುಖ ತಿರುಗಿಸಿದ. “ನೇರ ನೋಡಿದ್ರೆ ನಿನ್ನ ಮುಖ ಇರೋ ಕಡೆ ಬೂದಿ ಬಣ್ಣ ಅಷ್ಟೇ. ಓರೆಯಾಗಿ ನೋಡಿದ್ರೆ ಅಲ್ಪಸ್ವಲ್ಪ ಸಿಗ್ತೀಯ.”

ಉಳಿದದ್ದನ್ನೂ ಹೇಳಿದ. ಇದು ವಾಸಿಯಾಗುವುದಲ್ಲವೆಂದು ಡಾಕ್ಟರು ಎಲೆ ಉದುರುವ ಕಾಲದಲ್ಲೇ ತಿಳಿಸಿದ್ದರಂತೆ. ಊರಿಗೆ ಗೊತ್ತಾದರೆ ಮೊದಲು ಯಂತ್ರ ಹೋಗುತ್ತದೆ, ಆಮೇಲೆ ಬೇಸಿಗೆಯಲ್ಲಿ ಅವನು ನಡೆಸುವ ದೋಣಿ. ಎಲ್ಲರೂ ಬಯಲಲ್ಲೇ ಬದುಕುವ ಊರಲ್ಲಿ ತಾನೊಬ್ಬ ಒಳಗೆ ಕೂತು ಮಾಡುವುದಾದರೂ ಏನು ಎಂದು ಕೇಳಿದ.

ಅವಳು ಅವನಿಗಾಗಿ ಮರುಗಿದಳು. ಅದರ ಹಿಂದೆಯೇ ತನಗಾಗಿಯೂ ದುಃಖ ಬಂತು, ಅದಕ್ಕೆ ಅವಳು ತನ್ನನ್ನೇ ಶಪಿಸಿಕೊಂಡಳು. ಚಳಿಗಾಲವಿಡೀ ತಾನು ಕೂಡಿಟ್ಟ ನೋಟಗಳೆಲ್ಲ ಬರೀ ಕಾಯಿಲೆ. ಕತ್ತಲಾಗುವ ಹೊತ್ತಿಗೆ ಅವನಿಗೊಂದು ಗುರುತು ಬೇಕಿತ್ತು, ತನ್ನ ಅಂಗಡಿಯ ಕಿಟಕಿಯ ದೀಪ ಸಿಕ್ಕಿತು, ಅಷ್ಟೇ.

“ಯಂತ್ರದ ಕೀಲಿ ಕೊಡು,” ಅಂದಳು. “ನಾಳೆ ಆ ತೊರೆ ಮೇಲೆ ಮಕ್ಕಳು ಬರ್ತಾರೆ.”

ಅವನು ವಾದಿಸಲಿಲ್ಲ. ಇಬ್ಬರೂ ಹೋಗಿ ಬಾಗಿದ ಜಾಡಿಗೆ ಸ್ಪ್ರೂಸ್ ಮರದ ಕೊಂಬೆಗಳನ್ನು ಅಡ್ಡ ಹಾಕಿದರು, ಬಾವುಟ ಮತ್ತೆ ನೆಟ್ಟರು. ಹೊಸ ಗೆರೆ ಎಳೆಯಲು ಅವಳೇ ಚಾಲಕನ ಸೀಟಿನಲ್ಲಿ ಕೂತಳು. ಯಂತ್ರ ಓಡಿಸುವುದನ್ನು ಹಿಂದೊಮ್ಮೆ ಅವನೇ ಕಲಿಸಿದ್ದ. ಮುಂದೆ ಗೆರೆ ಮುಗಿಯುವಲ್ಲಿ, ದ್ವೀಪದ ದೊಡ್ಡ ದೀಪ ಆಗಷ್ಟೇ ಹೊತ್ತಿಕೊಂಡಿತು. ಅದರ ಮುಂದೆ ತನ್ನ ಕಿಟಕಿಯದು ಮಿಣುಕು.

“ಆ ದೊಡ್ಡ ದೀಪ ಕಾಣುತ್ತಾ ನಿಂಗೆ?”

“ಕಾಣುತ್ತೆ. ಮೊದಲಿಂದಲೂ ಕಾಣ್ತಿತ್ತು.”

“ಹಾಗಾದ್ರೆ ನೇರ ಹೋಗ್ಬಹುದಿತ್ತಲ್ಲ.”

“ಹೋಗ್ಬಹುದಿತ್ತು. ನಿನ್ನ ಕಿಟಕಿ ಇವತ್ತೂ ಕಾಣುತ್ತಾ ಅಂತ ದಿನಾ ಹೋಗಿ ನೋಡ್ಕೊಂಡು ಬರ್ತಿದ್ದೆ. ತೊರೆಗೆ ಅಷ್ಟು ಹತ್ರ ಹೋಗಿದ್ದೀನಿ ಅಂತ ಗೊತ್ತಾಗ್ಲಿಲ್ಲ.”

ಅವಳು ಒಂದು ಕೈಯಲ್ಲಿ ಯಂತ್ರವನ್ನು ನೇರ ಹಿಡಿದು, ಇನ್ನೊಂದರಲ್ಲಿ ಅವನ ಕೈ ಹಿಡಿದಳು. ಅವನು ಮುಖವನ್ನು ಆಚೆಗೆ, ಕತ್ತಲಿನ ಕಡೆಗೆ ತಿರುಗಿಸಿದ. ತನ್ನನ್ನೇ ನೋಡುತ್ತಿದ್ದಾನೆ ಎಂದು ಈಗ ಅವಳಿಗೆ ಗೊತ್ತಿತ್ತು.